ಅಪ್ಪ ಅವತ್ತು ಕಾಫಿ ಕೇಳಲಿಲ್ಲ: ಪಿತ್ತನಾಳದ ಕಲ್ಲು ತೆಗೆಸಿದ ಮೇಲಿನ ದಿನಗಳು

ಹೋದ ತಿಂಗಳು ನಮ್ಮೂರಿನ ಹಿರಿಯರ ಬಳಗದವರು ಮಾತಾಡಲು ಕರೆದಿದ್ದರು. ಅಲ್ಲಿ ಆಡಿದ ಮಾತನ್ನೇ ಇಲ್ಲಿ ಬರೆದಿದ್ದೇನೆ. ಅವತ್ತು ಸಮಯ ಸಾಲದೆ ಬಿಟ್ಟ ಒಂದೆರಡು ವಿಷಯ ಸೇರಿಸಿದ್ದೇನೆ, ಅಷ್ಟೇ.

ಎಲ್ಲರಿಗೂ ನಮಸ್ಕಾರ.

ನಾನು ಫಿಸಿಶಿಯನ್. ಇಪ್ಪತ್ತೆರಡು ವರ್ಷದಿಂದ ಇದೇ ಊರಲ್ಲಿ ಕ್ಲಿನಿಕ್ ನಡೆಸುತ್ತಿದ್ದೇನೆ, ಇಲ್ಲಿ ಕೂತಿರುವ ಎಷ್ಟೋ ಜನ ನನಗೆ ಗೊತ್ತಿರುವವರೇ. ಇವತ್ತಿನ ವಿಷಯ ಪಿತ್ತನಾಳದ ಕಲ್ಲು. ಕಲ್ಲು ಯಾಕೆ ಆಗುತ್ತದೆ, ಏನು ತಿನ್ನಬೇಕು, ಏನು ಬಿಡಬೇಕು, ಅದೆಲ್ಲ ಹೇಳಲು ಬಂದಿಲ್ಲ. ಕಲ್ಲು ತೆಗೆಸಿಕೊಂಡು ಮನೆಗೆ ಬಂದ ಮೇಲೆ ವಯಸ್ಸಾದವರಿಗೆ ಏನಾಗಬಹುದು ಅನ್ನುವುದನ್ನು ಮಾತ್ರ ಹೇಳುತ್ತೇನೆ. ಯಾಕೆಂದರೆ ಅದು ನಮ್ಮ ಮನೆಯಲ್ಲೇ ಆಯಿತು. ನಾನು ಡಾಕ್ಟರ್ ಆಗಿ ಪಕ್ಕದಲ್ಲೇ ಇದ್ದೆ. ಆದರೆ ಮೊದಲು ಗೊತ್ತಾಗಿದ್ದು ನನಗಲ್ಲ, ಅಮ್ಮನಿಗೆ.

ಅಪ್ಪನಿಗೆ ಆಗ 79. ಜೀವನ ಪೂರ್ತಿ ಅಡಿಕೆ ತೋಟ ನೋಡಿಕೊಂಡವರು. ಸಕ್ಕರೆ ಕಾಯಿಲೆ ಇತ್ತು. ಆರು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿದ್ದರು. ಒಂದು ಮಳೆಗಾಲದಲ್ಲಿ ಕಣ್ಣು ಹಳದಿಯಾಯಿತು. ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು, ಮಲ ಬಿಳಿಚಿಕೊಂಡಿತು, ರಾತ್ರಿಯೆಲ್ಲ ಮೈ ಕೆರೆತ. ಅಪ್ಪ ನನಗೆ ಹೇಳಲೇ ಇಲ್ಲ. ನೆಂಟರೊಬ್ಬರು ಹೇಳಿದರು ಅಂತ ಹತ್ತು ದಿನ ನಾಟಿ ಔಷಧಿ ಕುಡಿದಿದ್ದರು, ಉಪ್ಪು ಬಿಟ್ಟು, ಎಣ್ಣೆ ಬಿಟ್ಟು ಪಥ್ಯ ಬೇರೆ. ನಾನು ಊರಿಗೆ ಹೋದಾಗ ಕಣ್ಣು ನೋಡಿ ಎದೆ ಧಸಕ್ಕೆಂದಿತು.

ಈ ನಾಟಿ ಔಷಧಿಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ವೈರಸ್ಸಿನಿಂದ ಬರುವ ಕಾಮಾಲೆ ಬಹಳಷ್ಟು ಜನರಿಗೆ ಕೆಲವು ವಾರದಲ್ಲಿ ತಾನಾಗಿಯೇ ಇಳಿಯುತ್ತದೆ. ಆ ಹೊತ್ತಿಗೆ ಕುಡಿದ ಸೊಪ್ಪಿನ ರಸಕ್ಕೆ ಹೆಸರು ಬರುತ್ತದೆ. ನಾಳಕ್ಕೆ ಕಲ್ಲು ಅಡ್ಡ ನಿಂತು ಬಂದ ಕಾಮಾಲೆ ಬೇರೆ. ಅಲ್ಲಿ ಪಿತ್ತರಸಕ್ಕೆ ದಾರಿಯೇ ಇಲ್ಲ. ನೆಲನೆಲ್ಲಿ ಅರೆದು ಕುಡಿದರೂ, ಕೈಗೆ ಬರೆ ಹಾಕಿಸಿಕೊಂಡರೂ ಆ ಕಲ್ಲು ಕದಲುವುದಿಲ್ಲ. ಕಣ್ಣು ಹಳದಿ, ಮೈ ಕೆರೆತ, ಮಲ ಬಿಳಿಚಿದೆ, ಈ ಮೂರೂ ಒಟ್ಟಿಗೆ ಕಂಡರೆ ಒಂದು ದಿನವೂ ಕಾಯಬೇಡಿ, ಸ್ಕ್ಯಾನ್ ಮಾಡಿಸಿ.

ಅಪ್ಪನ ಸ್ಕ್ಯಾನಿನಲ್ಲಿ ಪಿತ್ತಕೋಶದ ತುಂಬ ಸಣ್ಣ ಕಲ್ಲುಗಳು. ಪಿತ್ತನಾಳದಲ್ಲಿ ಒಂದೇ ದೊಡ್ಡದು, 16 ಮಿಲಿಮೀಟರ್. ರಕ್ತದಲ್ಲಿ ಬಿಲಿರುಬಿನ್, ಅಂದರೆ ಕಣ್ಣು ಹಳದಿ ಮಾಡುವ ಪಿತ್ತದ ಬಣ್ಣ, 9ಕ್ಕೆ ಏರಿತ್ತು. ದೊಡ್ಡ ಊರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಸೋಮವಾರ ಇಆರ್‌ಸಿಪಿ ಮಾಡಿದರು.

ಇಆರ್‌ಸಿಪಿ ಅಂದರೆ ಏನು ಅಂತ ಸ್ವಲ್ಪ ಹೇಳಬೇಕು. ನಮ್ಮ ಲಿವರ್ ದಿನಕ್ಕೆ ಅರ್ಧ ಲೀಟರಿನಿಂದ ಒಂದು ಲೀಟರ್ ತನಕ ಪಿತ್ತರಸ ಮಾಡುತ್ತದೆ. ಅದು ಪಿತ್ತನಾಳದಲ್ಲಿ ಇಳಿದು ಸಣ್ಣ ಕರುಳಿಗೆ ಸೇರುತ್ತದೆ. ನಾಳ ಅಂದರೆ ತುಂಬ ದೊಡ್ಡದೇನಲ್ಲ, ಆರೇಳು ಮಿಲಿಮೀಟರ್ ಅಗಲ, ವಯಸ್ಸಾದವರಲ್ಲಿ ಇನ್ನು ಸ್ವಲ್ಪ ಜಾಸ್ತಿ. ಪಿತ್ತಕೋಶದಲ್ಲಿ ಕಲ್ಲು ಇರುವ ನೂರು ಜನರಲ್ಲಿ ಹತ್ತು ಹದಿನೈದು ಮಂದಿಗೆ ಕಲ್ಲು ಜಾರಿ ಈ ನಾಳಕ್ಕೆ ಬಂದಿರುತ್ತದೆ, ವಯಸ್ಸು ಹೆಚ್ಚಿದಷ್ಟೂ ಇದು ಹೆಚ್ಚು. ಈಗ ಮುಖ್ಯ ವಿಷಯ. ಪಿತ್ತನಾಳ ಕರುಳಿಗೆ ಬಂದು ಸೇರುವ ಬಾಯಿಯಲ್ಲೇ ಪ್ಯಾಂಕ್ರಿಯಾಸಿನ (ಮೇದೋಜೀರಕ ಗ್ರಂಥಿಯ) ನಾಳವೂ ಬಂದು ಸೇರುತ್ತದೆ. ತೋಟದ ಎರಡು ಬಸಿಗಾಲುವೆ ಹೋಗಿ ಒಂದೇ ತೂಬಿಗೆ ಬಿದ್ದ ಹಾಗೆ. ಆ ತೂಬಿನ ಹತ್ತಿರ ಕೈ ಹಾಕಿದರೆ ಎರಡು ಕಾಲುವೆಗೂ ತಾಗುತ್ತದೆ. ಇಆರ್‌ಸಿಪಿ ಆದಮೇಲೆ ಬರುವ ತೊಂದರೆಗಳಲ್ಲಿ ಅರ್ಧ ಈ ಒಂದು ಮಾತಿನಿಂದಲೇ ಅರ್ಥವಾಗುತ್ತದೆ.

ಬಾಯಿಯಿಂದ ಟ್ಯೂಬ್ ಇಳಿಸಿ, ಹೊಟ್ಟೆ ದಾಟಿ, ಆ ನಾಳದ ಬಾಯಿಯ ತನಕ ಹೋಗುತ್ತಾರೆ. ನಾಳದ ಬಾಯಿಯನ್ನು ಸ್ವಲ್ಪ ಕೊಯ್ದು ಅಗಲ ಮಾಡುತ್ತಾರೆ. ಬಲೂನು ಅಥವಾ ಸಣ್ಣ ತಂತಿ ಬುಟ್ಟಿಯಿಂದ ಕಲ್ಲನ್ನು ಹೊರಗೆಳೆಯುತ್ತಾರೆ. ದೊಡ್ಡದಿದ್ದರೆ ಒಳಗೇ ಪುಡಿ ಮಾಡುತ್ತಾರೆ. 1968ರಲ್ಲಿ ಅಮೆರಿಕದಲ್ಲಿ ಮೊದಲು ಈ ನಾಳದೊಳಗೆ ಎಂಡೋಸ್ಕೋಪಿಯಿಂದ ಬಣ್ಣ ಹಾಯಿಸಿ ನೋಡಿದರು. ಬಾಯಿಯನ್ನು ಕೊಯ್ದು ಕಲ್ಲು ತೆಗೆಯುವುದು ಬಂದಿದ್ದು 1974ರಲ್ಲಿ, ಜಪಾನಿನವರೂ ಜರ್ಮನಿಯವರೂ ಬೇರೆ ಬೇರೆಯಾಗಿ ಒಂದೇ ವರ್ಷ ಮಾಡಿದರು. ಅದಕ್ಕಿಂತ ಮುಂಚೆ ಹೊಟ್ಟೆ ಸೀಳಿಯೇ ತೆಗೆಯಬೇಕಿತ್ತು. ಎಂಬತ್ತರ ಆಸುಪಾಸಿನ ಜೀವಕ್ಕೆ ಅದು ಎಷ್ಟು ಭಾರ ಅಂತ ಯೋಚಿಸಿ. ಹಾಗಾಗಿ ನನ್ನ ಮಾತು ಕೇಳಿ ಯಾರೂ ಇಆರ್‌ಸಿಪಿಗೆ ಹೆದರಬೇಡಿ. ಇದು ಬಹಳ ಜನರ ಜೀವ ಉಳಿಸಿದ ಚಿಕಿತ್ಸೆ, ನಮ್ಮಪ್ಪನದೂ ಸೇರಿ.

ಸರಿ, ಸೋಮವಾರಕ್ಕೆ ಬರುತ್ತೇನೆ. ಹೊರಗೆ ಬಂದ ಡಾಕ್ಟರು ಹೇಳಿದ್ದು ಇಷ್ಟು: ಕಲ್ಲು ಒಡೆದು ತೆಗೆದಿದ್ದೇವೆ, ಚೂರು ಉಳಿದಿರಬಹುದು, ನಾಳದಲ್ಲಿ ಪ್ಲಾಸ್ಟಿಕ್ ಸ್ಟೆಂಟ್ (ಸಣ್ಣ ಕೊಳವೆ) ಇಟ್ಟಿದ್ದೇವೆ. ನಾವು ಮನೆಯವರೆಲ್ಲ ಕೇಳಿಸಿಕೊಂಡಿದ್ದು "ಕಲ್ಲು ತೆಗೆದಿದ್ದೇವೆ" ಅನ್ನುವುದನ್ನು ಮಾತ್ರ. ಮಂಗಳವಾರ ಗಂಜಿ ಕುಡಿದರು. ಬುಧವಾರ ಮನೆಗೆ ಕಳಿಸಿದರು. ಮನೆಗೆ ಬಂದಾಗಿನಿಂದ ಒಂದೇ ಸಮನೆ ಫೋನು. ಎಲ್ಲರಿಗೂ ಅಮ್ಮ ಹೇಳಿದ್ದು, "ಆಯ್ತು, ತೆಗೆದ್ರು, ಇನ್ನೇನಿಲ್ಲ."

ಗುರುವಾರ ಬೆಳಗ್ಗೆ ನಾನು ಹಲ್ಲುಜ್ಜುತ್ತಿದ್ದೆ. ಅಮ್ಮ ಅಡುಗೆಮನೆಯಿಂದ ಬಂದು ಹೇಳಿದರು, "ನಿಮ್ಮಪ್ಪ ಇವತ್ತು ಕಾಫಿ ಕೇಳಲಿಲ್ಲ ಕಣೇ."

ಅಪ್ಪ ಐವತ್ತು ವರ್ಷದಿಂದ ಐದೂವರೆಗೆ ಎದ್ದು ಕಾಫಿ ಕೇಳುವವರು. ಜ್ವರ ಬಂದಾಗಲೂ ಕೇಳುತ್ತಿದ್ದರು, ಹೃದಯದ ಆಸ್ಪತ್ರೆಯಲ್ಲಿ ಐಸಿಯುನಿಂದ ಹೊರಗೆ ಬಂದ ತಕ್ಷಣವೂ ಕೇಳಿದ್ದರು. ನಾನು ಹೋಗಿ ನೋಡಿದೆ. ಜ್ವರ ಇಲ್ಲ, 98.4. ಹೊಟ್ಟೆ ಒತ್ತಿದರೆ ನೋವು ಅನ್ನಲಿಲ್ಲ. "ಸುಸ್ತು, ಮಲಗ್ತೀನಿ" ಅಂದರು. ಆಸ್ಪತ್ರೆಯಲ್ಲಿ ನಿದ್ದೆಗೆಟ್ಟಿದ್ದಾರೆ, ಮಲಗಲಿ ಅಂದೆ. ಮಧ್ಯಾಹ್ನ ಎರಡು ತುತ್ತು ತಿಂದು ತಟ್ಟೆ ಸರಿಸಿದರು. ಅಮ್ಮ ಮತ್ತೆ ಹೇಳಿದರು, ಏನೋ ಸರಿ ಇಲ್ಲ ಅಂತ. ನಾನು ಮತ್ತೆ ಥರ್ಮಾಮೀಟರ್ ಇಟ್ಟೆ. ಮತ್ತೆ ನಾರ್ಮಲ್.

ರಾತ್ರಿ ಎರಡು ಗಂಟೆಗೆ ಅಪ್ಪ ಎದ್ದು ಕೂತು ಕೇಳಿದರು, "ಪುಟ್ಟೀ, ಕೊಟ್ಟಿಗೆ ದೀಪ ಆರಿಸಿದ್ಯಾ? ಗೌರಿ ಯಾಕೆ ಕೂಗ್ತಿದೆ?" ಆ ಕೊಟ್ಟಿಗೆ ಬಿಚ್ಚಿ ಹದಿನೈದು ವರ್ಷ ಆಗಿತ್ತು. ಕೈ ಹಿಡಿದೆ, ತಣ್ಣಗಿತ್ತು. ಬಿಪಿ 86ಕ್ಕೆ 50. ನಾಡಿ 82.

ಆ 82 ನನಗೆ ಮೋಸ ಮಾಡಬಹುದಿತ್ತು. ಸೋಂಕು ರಕ್ತಕ್ಕೆ ಏರಿದರೆ ನಾಡಿ ಓಡಬೇಕು, ನೂರಿಪ್ಪತ್ತು ಆಗಬೇಕು. ಆದರೆ ಅಪ್ಪ ಹೃದಯಕ್ಕೆ ಮೆಟೊಪ್ರೊಲಾಲ್ ತೆಗೆದುಕೊಳ್ಳುತ್ತಿದ್ದರು. ಆ ಮಾತ್ರೆ ನಾಡಿಯನ್ನು ಓಡಲು ಬಿಡುವುದಿಲ್ಲ. ನಮ್ಮಲ್ಲಿ ಎಷ್ಟು ಜನ ಹಿರಿಯರು ಇಂಥ ಮಾತ್ರೆಯಲ್ಲಿದ್ದಾರೆ ಅಲ್ವಾ? ಮನೆಯಲ್ಲಿ ಬೆರಳಿಗೆ ಕ್ಲಿಪ್ ಹಾಕಿ ನೋಡಿ "ಪಲ್ಸ್ ಚೆನ್ನಾಗಿದೆ" ಅಂತ ಸಮಾಧಾನ ಮಾಡಿಕೊಳ್ಳುತ್ತೇವೆ. ಮೈಕೈ ನೋವಿಗೆ ಅಂತ ದಿನಕ್ಕೆ ಎರಡು ಮೂರು ಪ್ಯಾರಾಸಿಟಮಾಲ್ ನುಂಗುವವರಿಗೆ ಜ್ವರವೂ ಮೇಲೆ ಕಾಣುವುದಿಲ್ಲ.

ಶುಕ್ರವಾರ ಬೆಳಗಾಗುವಷ್ಟರಲ್ಲಿ ಮತ್ತೆ ಆಸ್ಪತ್ರೆ. ಬಿಳಿ ರಕ್ತಕಣ 19,000. ಕ್ರಿಯಾಟಿನಿನ್ 2.1, ಅಂದರೆ ಕಿಡ್ನಿಗೂ ಪೆಟ್ಟು ಬಿದ್ದಿತ್ತು. ಉಳಿದ ಕಲ್ಲಿನ ಚೂರು ಹೋಗಿ ಸ್ಟೆಂಟಿನ ಬಾಯಿ ಕಟ್ಟಿತ್ತು. ಅದರ ಹಿಂದೆ ನಿಂತ ಪಿತ್ತರಸದಲ್ಲಿ ಸೋಂಕು. ಇದಕ್ಕೆ ಕೊಲಾಂಜೈಟಿಸ್ ಅನ್ನುತ್ತಾರೆ. ಅವತ್ತೇ ಎರಡನೇ ಸಲ ಇಆರ್‌ಸಿಪಿ. ಹಳೆಯ ಸ್ಟೆಂಟ್ ಎಳೆದ ತಕ್ಷಣ ಕೀವು ಸುರಿಯಿತು ಅಂತ ಡಾಕ್ಟರು ಹೇಳಿದರು. ಹೊಸ ಸ್ಟೆಂಟ್ ಹಾಕಿದರು. ನಾಲ್ಕು ದಿನ ಐಸಿಯು.

ಕೊಲಾಂಜೈಟಿಸ್‌ಗೆ ಪುಸ್ತಕದಲ್ಲಿ ಮೂರು ಲಕ್ಷಣ: ಚಳಿಜ್ವರ, ಹೊಟ್ಟೆನೋವು, ಕಾಮಾಲೆ. ಫ್ರಾನ್ಸಿನ ಶಾರ್ಕೋ ಅನ್ನುವ ವೈದ್ಯ 1877ರಲ್ಲಿ ಬರೆದಿದ್ದು, ಇವತ್ತಿಗೂ ಪ್ರತಿ ಮೆಡಿಕಲ್ ವಿದ್ಯಾರ್ಥಿ ಬಾಯಿಪಾಠ ಮಾಡುತ್ತಾನೆ. 1959ರಲ್ಲಿ ರೆನಾಲ್ಡ್ಸ್ ಅನ್ನುವವರು ಇನ್ನೆರಡು ಸೇರಿಸಿದರು: ಬಿಪಿ ಇಳಿಯುವುದು, ಬುದ್ಧಿ ಮಂಕಾಗುವುದು. ಪುಸ್ತಕದ ಪ್ರಕಾರ ಈ ಎರಡು ಕೊನೆಗೆ ಬರಬೇಕು, ಕಾಯಿಲೆ ಕೈಮೀರುವಾಗ. ಆದರೆ ವಯಸ್ಸಾದವರಲ್ಲಿ ಎಷ್ಟೋ ಸಲ ಮೊದಲು ಕಾಣುವುದೇ ಆ ಮಂಕು. ಜ್ವರ ಬರದೇ ಇರಬಹುದು, ನೋವು ಅನ್ನದೇ ಇರಬಹುದು. ಸುಮ್ನೆ ಮಲಗುತ್ತಾರೆ, ಊಟ ಬೇಡ ಅನ್ನುತ್ತಾರೆ, ಮಾತು ಕಡಿಮೆ ಮಾಡುತ್ತಾರೆ. ಬಾತ್‌ರೂಮಿಗೆ ಹೋಗುವಾಗ ಒಂದು ಸಲ ಬೀಳುತ್ತಾರೆ. ಊರಿನ, ವರ್ಷದ ಲೆಕ್ಕ ತಪ್ಪುತ್ತದೆ. ನಾವು "ವಯಸ್ಸಾಯ್ತಲ್ಲ, ಅರಳುಮರಳು" ಅಂದುಬಿಡುತ್ತೇವೆ. ಅರಳುಮರಳು ಒಂದು ರಾತ್ರಿಯಲ್ಲಿ ಬರುವುದಿಲ್ಲ. ನಿನ್ನೆ ಸರಿ ಇದ್ದವರು ಇವತ್ತು ಬೇರೆ ಥರ ಇದ್ದಾರೆ ಅಂದರೆ ಒಳಗೆ ಏನೋ ಆಗಿದೆ.

ಜಪಾನಿನಿಂದ ಶುರುವಾದ ಟೋಕಿಯೋ ಮಾರ್ಗಸೂಚಿ ಅಂತ ಒಂದಿದೆ, 2018ರಲ್ಲಿ ಪರಿಷ್ಕರಿಸಿದ್ದಾರೆ. ಕೊಲಾಂಜೈಟಿಸ್ ಎಷ್ಟು ಗಂಭೀರ ಅಂತ ಅಳೆಯಲು ಅದರಲ್ಲಿ ಐದು ಅಂಶ ಕೊಟ್ಟಿದ್ದಾರೆ, ಐದರಲ್ಲಿ ಎರಡು ಇದ್ದರೆ ಬೇಗ ಪಿತ್ತರಸ ಹೊರಬಿಡುವ ದಾರಿ ಮಾಡಬೇಕು. 75 ದಾಟಿರುವುದೇ ಆ ಐದರಲ್ಲಿ ಒಂದು. ಪ್ರಜ್ಞೆ ಮಂಕಾಗಿದ್ದರೆ ನೇರವಾಗಿ ಮೇಲಿನ ಹಂತಕ್ಕೇ ಸೇರಿಸುತ್ತಾರೆ. ಅಂದರೆ ಅಮ್ಮ ಗುರುವಾರ ಬೆಳಗ್ಗೆ ಹೇಳಿದ್ದನ್ನು ನಾನು ಕೇಳಬೇಕಿತ್ತು. ಒಂದು ಹಗಲು ಪೂರ್ತಿ ನಾನು ಥರ್ಮಾಮೀಟರಿನ ಮಾತು ಕೇಳಿದೆ.

ಇನ್ನು ಪ್ಯಾಂಕ್ರಿಯಾಟೈಟಿಸ್, ಅಂದರೆ ಪ್ಯಾಂಕ್ರಿಯಾಸಿನ ಉರಿಯೂತ. ಅಪ್ಪನಿಗೆ ಇದು ಆಗಲಿಲ್ಲ, ಆದರೆ ಇಆರ್‌ಸಿಪಿ ಆದಮೇಲೆ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ತೊಂದರೆ ಇದೇ. ನೂರರಲ್ಲಿ ಐದರಿಂದ ಹತ್ತು ಜನಕ್ಕೆ ಅಂತ ಇಟ್ಟುಕೊಳ್ಳಿ. ಒಂದೇ ತೂಬು ಅಂತ ಹೇಳಿದೆನಲ್ಲ, ಅಲ್ಲಿ ಕೆಲಸ ಮಾಡುವಾಗ ಪ್ಯಾಂಕ್ರಿಯಾಸಿನ ಬಾಯಿ ಊದಿಕೊಳ್ಳುತ್ತದೆ, ಅದರ ರಸ ಹೊರಗೆ ಬರಲಾರದೆ ಒಳಗೇ ನಿಲ್ಲುತ್ತದೆ. ಮೊದಲ ದಿನದಲ್ಲೇ, ಕೆಲವೊಮ್ಮೆ ಕೆಲವೇ ಗಂಟೆಯಲ್ಲಿ, ಹೊಟ್ಟೆಯ ಮೇಲ್ಭಾಗದಲ್ಲಿ ನೋವು ಶುರುವಾಗಿ ಬೆನ್ನಿಗೆ ಹೊಡೆಯುತ್ತದೆ. ವಾಂತಿ ಇರುತ್ತದೆ. ಮುಂದೆ ಬಾಗಿ ಕೂತರೆ ಸ್ವಲ್ಪ ಹಾಯೆನಿಸುತ್ತದೆ. ಇದರಲ್ಲಿ ಒಂದು ಸಮಾಧಾನ ಇದೆ, ವಯಸ್ಸಾದವರಿಗಿಂತ ಚಿಕ್ಕ ವಯಸ್ಸಿನವರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಇದು ಜಾಸ್ತಿ. ಆದರೆ ವಯಸ್ಸಾದವರಿಗೆ ಬಂದರೆ ತಡೆದುಕೊಳ್ಳುವ ಶಕ್ತಿ ಕಡಿಮೆ. ಬರೀ ರಕ್ತ ಪರೀಕ್ಷೆಯಲ್ಲಿ ಅಮೈಲೇಸ್ (ಪ್ಯಾಂಕ್ರಿಯಾಸಿನ ರಸದಲ್ಲಿರುವ ಒಂದು ಕಿಣ್ವ) ಸ್ವಲ್ಪ ಏರಿದೆ ಅಂತ ಗಾಬರಿಯಾಗಬೇಡಿ, ನೋವಿಲ್ಲದೆ ಏರುವುದು ಎಷ್ಟೋ ಜನರಲ್ಲಿ ಕಾಣುತ್ತದೆ. ನೋವು ಇದ್ದು ಅಮೈಲೇಸ್ ನಾರ್ಮಲ್ ಮಿತಿಯ ಮೂರು ಪಟ್ಟಿಗಿಂತ ಜಾಸ್ತಿ ಇದ್ದರೆ ಆಗ ಪ್ಯಾಂಕ್ರಿಯಾಟೈಟಿಸ್ ಅನ್ನುತ್ತೇವೆ.

ಇದನ್ನು ತಡೆಯಲು ಒಂದು ಸುಲಭದ ದಾರಿ ಇದೆ. ಇಂಡೊಮೆಥಾಸಿನ್ ಅಥವಾ ಡೈಕ್ಲೊಫೆನಾಕ್ ಅನ್ನುವ ನೋವಿನ ಮದ್ದನ್ನು ಗುದದ್ವಾರದಲ್ಲಿ ಇಡುವುದು. ಅಮೆರಿಕದಲ್ಲಿ ಈ ತೊಂದರೆ ಬರುವ ಸಾಧ್ಯತೆ ಹೆಚ್ಚಿದ್ದ 602 ಜನರ ಮೇಲೆ ಪರೀಕ್ಷೆ ಮಾಡಿ 2012ರಲ್ಲಿ ಪ್ರಕಟಿಸಿದರು. ಮದ್ದು ಇಟ್ಟವರಲ್ಲಿ ಶೇ 9.2 ಮಂದಿಗೆ ಪ್ಯಾಂಕ್ರಿಯಾಟೈಟಿಸ್ ಬಂತು, ಇಡದವರಲ್ಲಿ ಶೇ 16.9. ಇಷ್ಟು ಅಗ್ಗದ ಮದ್ದಿನಿಂದ ಇಷ್ಟು ಲಾಭ ನಮ್ಮ ವೃತ್ತಿಯಲ್ಲಿ ಅಪರೂಪ. ಕಿಡ್ನಿ ತೊಂದರೆ ಇದ್ದವರಿಗೆ ಯೋಚಿಸಿ ಕೊಡಬೇಕು, ಅದನ್ನು ಡಾಕ್ಟರು ನೋಡಿಕೊಳ್ಳುತ್ತಾರೆ. ನೀವು ಹೋಗುವ ಮುಂಚೆ ಕಿಡ್ನಿ ವಿಷಯ ಹೇಳಿ, ಅಷ್ಟು ಸಾಕು.

ಕರುಳಿಗೆ ತೂತು ಬೀಳುವುದು ತೀರ ಕಡಿಮೆ, ನೂರರಲ್ಲಿ ಒಬ್ಬರಿಗೂ ಇಲ್ಲ. ಆದರೂ ಹೊಟ್ಟೆ ಉಬ್ಬಿ ಕಲ್ಲಿನ ಹಾಗೆ ಗಟ್ಟಿಯಾದರೆ, ನೋವು ಗಂಟೆ ಗಂಟೆಗೂ ಏರಿದರೆ, ಕುತ್ತಿಗೆಯ ಚರ್ಮ ಒತ್ತಿದಾಗ ಒಳಗೆ ಕರಕರ ಅಂದರೆ ಬೆಳಗಾಗಲಿ ಅಂತ ಕಾಯಬೇಡಿ.

ಅಪ್ಪನಿಗೆ ಎರಡನೇ ಪೆಟ್ಟು ಬಿದ್ದಿದ್ದು ರಕ್ತಸ್ರಾವದಿಂದ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಇದನ್ನು ತಪ್ಪಿಸಬಹುದಿತ್ತು.

ಮೊದಲ ಇಆರ್‌ಸಿಪಿ ಆಗಿ ಹನ್ನೊಂದನೇ ದಿನ, ಶುಕ್ರವಾರ, ಮತ್ತೆ ಮನೆಗೆ ಬಂದೆವು. ಡಿಸ್ಚಾರ್ಜ್ ಕಾಗದದ ಕೊನೆಗೆ ಒಂದು ಸಾಲು: ಹಳೆಯ ಮಾತ್ರೆಗಳನ್ನೆಲ್ಲ ಮುಂದುವರಿಸಿ. ಹಳೆಯ ಮಾತ್ರೆಗಳು ಅಂದರೆ ಅಪ್ಪನಿಗೆ ಆಸ್ಪಿರಿನ್ ಮತ್ತು ಕ್ಲೊಪಿಡೊಗ್ರೆಲ್, ರಕ್ತ ತೆಳುವಾಗಿಸುವ ಎರಡು ಮಾತ್ರೆ. ಅಮ್ಮ ಹಳೆಯ ಡಬ್ಬಿ ತೆಗೆದು ಎರಡೂ ಕೊಟ್ಟರು. ಕಾಗದದಲ್ಲಿ ಇದ್ದಿದ್ದನ್ನೇ ಅವರು ಮಾಡಿದ್ದು. ಭಾನುವಾರ ಬೆಳಗ್ಗೆ ಅಪ್ಪ ಬಾತ್‌ರೂಮಿನಿಂದ ಗೋಡೆ ಹಿಡಿದುಕೊಂಡು ಬಂದರು, ಮುಖ ಬಿಳುಚಿಕೊಂಡಿತ್ತು. ಹೋಗಿ ನೋಡಿದರೆ ಮಲ ಡಾಂಬರಿನ ಹಾಗೆ ಕಪ್ಪು, ಅಂಟಂಟು, ಕೆಟ್ಟ ವಾಸನೆ. ಹಿಮೋಗ್ಲೋಬಿನ್ 12.1 ಇದ್ದಿದ್ದು 8.4ಕ್ಕೆ ಇಳಿದಿತ್ತು. ಕೊಯ್ದ ಜಾಗದಿಂದ ರಕ್ತ ಜಿನುಗುತ್ತಿತ್ತು. ಎಂಡೋಸ್ಕೋಪಿಯಲ್ಲೇ ಇಂಜೆಕ್ಷನ್ ಕೊಟ್ಟು ಕ್ಲಿಪ್ ಹಾಕಿ ನಿಲ್ಲಿಸಿದರು. ಎರಡು ಬಾಟಲಿ ರಕ್ತ ಏರಿಸಿದರು.

ನಾಳದ ಬಾಯಿ ಕೊಯ್ದ ಮೇಲೆ ರಕ್ತ ಬರುವುದು ನೂರರಲ್ಲಿ ಒಬ್ಬರಿಗೋ ಇಬ್ಬರಿಗೋ. ಅವತ್ತೇ ಬರಬೇಕು ಅಂತಿಲ್ಲ, ಒಂದು ವಾರ, ಎರಡು ವಾರ ಬಿಟ್ಟೂ ಬರಬಹುದು. ಅಷ್ಟು ಹೊತ್ತಿಗೆ ಮನೆಯವರು ಆ ವಿಷಯವನ್ನೇ ಮರೆತಿರುತ್ತಾರೆ. ಆಮೇಲೆ ಹೃದಯದ ಡಾಕ್ಟರು ಹೇಳಿದ್ದು ಕೇಳಿ ಇನ್ನೂ ಬೇಜಾರಾಯಿತು. ಆರು ವರ್ಷದ ಹಳೆಯ ಸ್ಟೆಂಟಿಗೆ ಅಪ್ಪನ ವಿಷಯದಲ್ಲಿ ಎರಡೂ ಮಾತ್ರೆ ಬೇಕಿರಲಿಲ್ಲ, ಒಂದು ಸಾಕಿತ್ತು.

ಇಲ್ಲಿ ಯಾರೂ ತಪ್ಪು ತಿಳಿಯಬಾರದು. ರಕ್ತ ತೆಳುವಾಗಿಸುವ ಮಾತ್ರೆಯನ್ನು ನೀವಾಗಿ ಯಾವತ್ತೂ ನಿಲ್ಲಿಸಬೇಡಿ, ಹೃದಯದ ಸ್ಟೆಂಟ್ ಹೊಸದಾಗಿದ್ದರೆ ಅದರಿಂದಲೇ ಜೀವಕ್ಕೆ ಅಪಾಯ. ನೀವು ಮಾಡಬೇಕಾದ್ದು ಕೇಳುವುದು. ಒಂದೊಂದೇ ಮಾತ್ರೆಯ ಹೆಸರು ಹೇಳಿ ಕೇಳಿ. ಆಸ್ಪಿರಿನ್ ಯಾವತ್ತಿನಿಂದ? ಕ್ಲೊಪಿಡೊಗ್ರೆಲ್ ಯಾವತ್ತಿನಿಂದ? ವಾರ್ಫರಿನ್? ಅದರ ಪಕ್ಕ ತಾರೀಖು ಬರೆಸಿಕೊಳ್ಳಿ. "ಹಳೆಯದನ್ನು ಮುಂದುವರಿಸಿ" ಅಂತ ಬರೆದರೆ ಒಪ್ಪಬೇಡಿ, ವಿನಯವಾಗಿಯೇ ಮತ್ತೆ ಕೇಳಿ. ಡಿಸ್ಚಾರ್ಜ್ ದಿನ ಬಿಲ್ಲು ಕಟ್ಟುವ, ಆಟೋ ಕರೆಯುವ ಗಡಿಬಿಡಿಯಲ್ಲಿ ಈ ಮಾತೇ ಬಿಟ್ಟುಹೋಗುತ್ತದೆ. ನಾನೂ ಅವತ್ತು ಫಾರ್ಮಸಿ ಸಾಲಿನಲ್ಲಿ ನಿಂತಿದ್ದೆ.

ಸಕ್ಕರೆ ಮಾತ್ರೆಗೂ ಇದೇ ಮಾತು. ಗ್ಲಿಮೆಪಿರೈಡ್ ಥರದ ಮಾತ್ರೆ ನುಂಗಿ, ಊಟ ಬಿಟ್ಟು ಖಾಲಿ ಹೊಟ್ಟೆಯಲ್ಲಿ ಮಲಗಿದರೆ ಸಕ್ಕರೆ ಪಾತಾಳಕ್ಕೆ ಇಳಿಯುತ್ತದೆ. ಆ ಮಂಕೂ ನೋಡಲು ಸೋಂಕಿನ ಮಂಕಿನ ಹಾಗೇ ಇರುತ್ತದೆ. ಹಾಗಾಗಿ ಹಿರಿಯರು ಬೇರೆ ಥರ ಆಡುತ್ತಿದ್ದಾರೆ ಅನ್ನಿಸಿದ ತಕ್ಷಣ ಮೊದಲು ಬೆರಳು ಚುಚ್ಚಿ ಸಕ್ಕರೆ ನೋಡಿ, ಅದು ಒಂದು ನಿಮಿಷದ ಕೆಲಸ. ನಂಜು ಶ್ವಾಸಕೋಶಕ್ಕೂ ಹತ್ತಬಹುದು, ಮಂಪರಿನಲ್ಲಿ ಎಂಜಲು, ವಾಂತಿ ಒಳಗೆ ಹೋಗಿ ನ್ಯುಮೋನಿಯಾ ಆಗುವುದುಂಟು. ಕೆಮ್ಮು, ಏದುಸಿರು ಕಂಡರೆ ಅದನ್ನೂ ಹೇಳಿ.

ಆಸ್ಪತ್ರೆಗೆ ಓಡಿ ಹೋದಾಗ ಮೊದಲ ಮಾತು ಏನಿರಬೇಕು ಗೊತ್ತಾ? ರಾತ್ರಿ ಪಾಳಿಯಲ್ಲಿ ಇರುವ ಡಾಕ್ಟರಿಗೆ ನಿಮ್ಮ ಅಪ್ಪ ಅಮ್ಮ ಯಾರೋ ಗೊತ್ತಿಲ್ಲ. "ಸುಸ್ತು, ಊಟ ಮಾಡ್ತಿಲ್ಲ" ಅಂದರೆ ಒಂದು ಡ್ರಿಪ್ ಹಾಕಿ ಕಳಿಸಬಹುದು. ಹೀಗೆ ಹೇಳಿ: "ಇಆರ್‌ಸಿಪಿ ಆಗಿ ನಾಲ್ಕು ದಿನ ಆಯ್ತು, ಒಳಗೆ ಸ್ಟೆಂಟ್ ಇದೆ, ನಿನ್ನೆಯಿಂದ ಬುದ್ಧಿ ಮಂಕಾಗಿದೆ, ಮುಂಚೆ ಹೀಗಿರಲಿಲ್ಲ." ಒಂದೇ ಉಸಿರಲ್ಲಿ ಈ ನಾಲ್ಕು ಮಾತು. ಕೊನೆಯದು ಬಹಳ ಮುಖ್ಯ. ಮುಂಚೆ ಹೇಗಿದ್ದರು ಅನ್ನುವುದು ಯಾವ ಸ್ಕ್ಯಾನಿನಲ್ಲೂ ಬರುವುದಿಲ್ಲ, ಅದು ಮನೆಯವರಿಗೆ ಮಾತ್ರ ಗೊತ್ತು. ನಮ್ಮ ಡಾಕ್ಟರ್ ಬಳಗಕ್ಕೂ ನಾನು ಇದನ್ನೇ ಹೇಳುತ್ತೇನೆ, ಹೆಂಡತಿಯೋ ಸೊಸೆಯೋ "ಇವತ್ತು ಬೇರೆ ಥರ ಇದ್ದಾರೆ" ಅಂದರೆ ಅದನ್ನು ರಿಪೋರ್ಟಿನಷ್ಟೇ ಗೌರವದಿಂದ ಬರೆದುಕೊಳ್ಳಿ. ಅಪ್ಪನ ಹಾಳೆಯಲ್ಲಿ ಅಮ್ಮನ ಮಾತು ಇಲ್ಲ. ಗುರುವಾರ ನಾನೇ ಬರೆದಿಟ್ಟುಕೊಂಡ ಚೀಟಿಯಲ್ಲಿ ಇರುವುದು ಟೆಂಪರೇಚರ್ ಮಾತ್ರ.

ಸ್ಟೆಂಟ್ ವಿಷಯ. ಹೃದಯದ ಸ್ಟೆಂಟ್ ಒಮ್ಮೆ ಹಾಕಿದರೆ ಜೀವನ ಪೂರ್ತಿ ಅಲ್ಲೇ ಇರುತ್ತದೆ. ಅದರ ಹೆಸರು ಕೇಳಿ ಕೇಳಿ ನಮ್ಮ ಜನ ಪಿತ್ತನಾಳದ ಸ್ಟೆಂಟೂ ಹಾಗೇ ಅಂದುಕೊಂಡಿದ್ದಾರೆ. ಅಲ್ಲ. ಪ್ಲಾಸ್ಟಿಕ್ ಸ್ಟೆಂಟ್ ಒಂದು ತಾತ್ಕಾಲಿಕ ಕೊಳವೆ. ಸಾಮಾನ್ಯವಾಗಿ ಮೂರು ತಿಂಗಳೊಳಗೆ ತೆಗೆಯಬೇಕು ಅಥವಾ ಬದಲಿಸಬೇಕು. ಬಿಟ್ಟರೆ ಒಳಗೆ ಗಸಿ ಕಟ್ಟಿಕೊಂಡು ಮುಚ್ಚುತ್ತದೆ, ಅದರ ಸುತ್ತಲೇ ಹೊಸ ಕಲ್ಲು ಬೆಳೆಯುತ್ತದೆ. ನೋವಿಲ್ಲ ಅಂತ ಜನ ಬರುವುದಿಲ್ಲ. ಮಗ ಬೆಂಗಳೂರಿನಲ್ಲಿ, ಫೈಲು ಅವನ ಹತ್ತಿರ, ಇಲ್ಲಿ ಇರುವವರಿಗೆ ಒಳಗೆ ಸ್ಟೆಂಟ್ ಇದೆ ಅನ್ನುವುದೇ ಗೊತ್ತಿಲ್ಲ. ಒಂದು ದಿನ ಚಳಿಜ್ವರ ಬಂದಾಗ ಎಕ್ಸ್‌ರೇಯಲ್ಲಿ ಕಾಣುತ್ತದೆ. ಅಮ್ಮ ಅಪ್ಪನ ಸ್ಟೆಂಟ್ ತೆಗೆಸುವ ದಿನವನ್ನು ಅಡುಗೆಮನೆ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಗುಂಡು ಸುತ್ತಿದ್ದರು, ಏಕಾದಶಿ ಗುರುತಿನ ಪಕ್ಕ. ಹತ್ತು ವಾರಕ್ಕೆ ಹೋಗಿ ತೆಗೆಸಿದೆವು, ಉಳಿದ ಚೂರುಗಳನ್ನೂ ತೆಗೆದು ನಾಳ ಖಾಲಿ ಮಾಡಿದರು.

ಆಮೇಲೆ ಪಿತ್ತಕೋಶ ತೆಗೆಸಬೇಕಾ ಬೇಡವಾ ಅನ್ನುವ ಪ್ರಶ್ನೆ. ಮನೆಯಲ್ಲಿ ದೊಡ್ಡ ಚರ್ಚೆ. ದೊಡ್ಡಪ್ಪ "ಇಷ್ಟೆಲ್ಲ ಆದಮೇಲೆ ಇನ್ನೊಂದು ಆಪರೇಷನ್ ಯಾಕೆ" ಅಂದರು. ಕಲ್ಲಿನ ಕಾರ್ಖಾನೆ ಅಲ್ಲೇ ಇದೆ. ಅದನ್ನು ಬಿಟ್ಟರೆ ಮತ್ತೆ ಕಲ್ಲು ಜಾರುವ, ಪಿತ್ತಕೋಶಕ್ಕೇ ಸೋಂಕಾಗುವ ಸಾಧ್ಯತೆ ಜಾಸ್ತಿ. ದೇಹ ತಡೆಯುವ ಹಾಗಿದ್ದರೆ ತೆಗೆಸುವುದೇ ಒಳ್ಳೆಯದು, ಅದೂ ತಡಮಾಡದೆ. ತೀರ ಕ್ಷೀಣಿಸಿದವರಿಗೆ ಬಿಡುವುದೂ ಉಂಟು, ಅದು ಒಬ್ಬೊಬ್ಬರನ್ನು ನೋಡಿ ಮಾಡುವ ತೀರ್ಮಾನ. ಹೃದಯದ ಡಾಕ್ಟರು, ಅರಿವಳಿಕೆ ಡಾಕ್ಟರು ನೋಡಿ ಒಪ್ಪಿದ ಮೇಲೆ ಅಪ್ಪನಿಗೆ ಲ್ಯಾಪರೋಸ್ಕೋಪಿಯಲ್ಲಿ ತೆಗೆಸಿದೆವು. ಈಗ ಅವರಿಗೆ 83. ತೋಟದ ತನಕ ಕೋಲು ಹಿಡಿದು ಹೋಗಿ ಬರುತ್ತಾರೆ.

ಪ್ರಶ್ನೆ ಕೇಳುವ ಹೊತ್ತಿನಲ್ಲಿ ನಿವೃತ್ತ ಮೇಷ್ಟರೊಬ್ಬರು ಎದ್ದು ಕೇಳಿದರು, "ಇಷ್ಟು ತೊಂದರೆ ಇದ್ದರೆ ಎಂಬತ್ತರ ಮೇಲೆ ಮಾಡಿಸದೇ ಇರೋದೇ ವಾಸಿ ಅಲ್ವಾ ಡಾಕ್ಟ್ರೇ?" ಅಲ್ಲ ಸರ್. ನಾಳಕ್ಕೆ ಅಡ್ಡ ಬಂದ ಕಲ್ಲನ್ನು ಹಾಗೇ ಬಿಟ್ಟರೆ ಬರುವ ಸೋಂಕು ಇದೆಲ್ಲಕ್ಕಿಂತ ಕೆಟ್ಟದ್ದು. ವಯಸ್ಸು ಒಂದೇ ಕಾರಣಕ್ಕೆ ಬೇಡ ಅನ್ನಬಾರದು. ತೊಂಬತ್ತು ದಾಟಿದವರಿಗೂ ಮಾಡುತ್ತಾರೆ. ಮಾಡಿಸಿ, ಆದರೆ ಎರಡು ವಾರ ಯಾರಾದರೂ ಜೊತೆಯಲ್ಲಿರಿ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬರು ಅಜ್ಜಿ ಮೊಮ್ಮಗಳ ಕೈ ಹಿಡಿದುಕೊಂಡು ಬಂದರು. ಮೈಕಿನಲ್ಲಿ ಮಾತಾಡಲು ಸಂಕೋಚ. ಹತ್ತಿರ ಬಂದು ಕೇಳಿದರು, "ನಂಗೂ ಅದೇ ಬಾಯಿಂದ ಪೈಪ್ ಹಾಕಿ ಮಾಡಿದ್ರು ಕಣಮ್ಮ. ಹೋದ ದೀಪಾವಳಿ ಅಲ್ಲ, ಅದರ ಹಿಂದಿನ ದೀಪಾವಳೀಲಿ. ಒಳಗೆ ಏನಾದ್ರೂ ಇಟ್ಟಿರ್ತಾರಾ?" ಕಾಗದ ಎಲ್ಲಿದೆ ಅಜ್ಜಿ ಅಂದೆ. ಟ್ರಂಕಿನಲ್ಲಿದೆ ಅಂದರು.

ಮಾರನೇ ದಿನ ಬೆಳಗ್ಗೆ ಒಂಬತ್ತಕ್ಕೆ ಮೊಮ್ಮಗಳು ಪ್ಲಾಸ್ಟಿಕ್ ಕವರಿನಲ್ಲಿ ಫೈಲು ತಂದಳು. ಮೂರನೇ ಪುಟದಲ್ಲಿ ಇತ್ತು: ಪ್ಲಾಸ್ಟಿಕ್ ಸ್ಟೆಂಟ್ ಹಾಕಲಾಗಿದೆ, ಆರು ವಾರಕ್ಕೆ ಬರಬೇಕು. ಎಕ್ಸ್‌ರೇ ತೆಗೆಸಿದೆ, ಸ್ಟೆಂಟ್ ಅಲ್ಲೇ ಇತ್ತು. ರಕ್ತ ಪರೀಕ್ಷೆಯಲ್ಲಿ ಲಿವರ್ ಅಂಕಿಗಳು ಆಗಲೇ ಸ್ವಲ್ಪ ಏರಿದ್ದವು. ಅಜ್ಜಿಗೆ ಜ್ವರ ಇಲ್ಲ, ನೋವಿಲ್ಲ. ಎರಡು ವಾರದಿಂದ ಊಟ ಸೇರುತ್ತಿಲ್ಲ ಅಂತ ಮೊಮ್ಮಗಳು ಹೇಳಿದಳು, ಅದನ್ನು ಹಾಳೆಯ ಮೊದಲ ಸಾಲಿನಲ್ಲೇ ಬರೆದೆ. ಫೋನ್ ಮಾಡಿ ಅವತ್ತೇ ಕಳಿಸಿದೆ. ಶುಕ್ರವಾರ ಸ್ಟೆಂಟ್ ತೆಗೆದರು, ಜೊತೆಗೆ ಅದರ ಸುತ್ತ ಬೆಳೆದಿದ್ದ ಎರಡು ಕಲ್ಲು. ಕ್ಲೊಪಿಡೊಗ್ರೆಲ್ ಯಾವತ್ತಿನಿಂದ ಶುರು ಮಾಡಬೇಕು ಅಂತ ಮೊಮ್ಮಗಳೇ ಕೇಳಿ, ತಾರೀಖು ಬರೆಸಿಕೊಂಡು ಬಂದಿದ್ದಾಳೆ.